ತಂಗಿಗೆ ಗಣಿತವೋ ಅರ್ಥಶಾಸ್ತ್ರವೋ? ಮುಂದೆ ಕೆಲಸಕ್ಕೆ ಯಾವುದು ಒದಗುತ್ತದೆ?

ಕಲ್ಪತರು_ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ಹತ್ತಿರದ ಊರು. ತಂಗಿ ಈ ವರ್ಷ ಸರ್ಕಾರಿ ಕಾಲೇಜಿನಲ್ಲಿ ಸೆಕೆಂಡ್ ಪಿಯುಸಿ ಮುಗಿಸಿದಳು. ಪಿಸಿಎಂಸಿ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್. ಗಣಿತದಲ್ಲಿ ಒಳ್ಳೆಯ ಅಂಕ ಬಂದಿದೆ. ಎಂಜಿನಿಯರಿಂಗ್ ಬೇಡ ಅಂತ ಮೊದಲೇ ಹೇಳಿದ್ದಾಳೆ. ಮನೆಯಲ್ಲಿ ಆ ಮಾತು ಮುಗಿದಿದೆ, ದಯವಿಟ್ಟು ಅದನ್ನು ಮತ್ತೆ ತೆಗೆಯಬೇಡಿ.

ಈಗ ಎರಡು ದಾರಿ ಕಾಣುತ್ತಿದೆ. ಇಲ್ಲೇ ಬಿ.ಎಸ್ಸಿ. ಸೇರಿ ಗಣಿತ ಓದುವುದು. ಇಲ್ಲವೇ ಬೆಂಗಳೂರಿಗೆ ಹೋಗಿ ಅರ್ಥಶಾಸ್ತ್ರ ಓದುವುದು. ಅರ್ಥಶಾಸ್ತ್ರ ಅವಳ ತಲೆ ಹೊಕ್ಕಿದ್ದು ಕೊಬ್ಬರಿಯಿಂದ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ಮಾರುಕಟ್ಟೆ ದರ ಅದಕ್ಕಿಂತ ಎಷ್ಟೋ ಕೆಳಗೆ ಬಿತ್ತು. ಆಗಿನಿಂದ ಎಪಿಎಂಸಿ ದರ ಬರೆದಿಡುವುದು ಅವಳಿಗೆ ಅಭ್ಯಾಸವಾಗಿದೆ. ಯಾಕೆ ಏರುತ್ತದೆ, ಯಾಕೆ ಬೀಳುತ್ತದೆ ಅಂತ ಅಪ್ಪನನ್ನು ಬಿಡದೆ ಕೇಳುತ್ತಾಳೆ.

ಅಪ್ಪನದು ಒಂದೇ ಮಾತು. "ಗಣಿತ ಓದಿದರೆ ಮೇಷ್ಟ್ರ ಕೆಲಸವಾದರೂ ಸಿಗುತ್ತೆ. ಅರ್ಥಶಾಸ್ತ್ರ ಓದಿ ಏನು ಮಾಡ್ತಾಳೆ?" ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಗೊತ್ತಿರುವವರು ಹೇಳಿ.

ರಿಸ್ಕ್‌ಟೀಮ್_ಬೆಂಗಳೂರು

ಗಣಿತ ತಗೊಳ್ಳಲಿ. ಗಣಿತದಿಂದ ಅರ್ಥಶಾಸ್ತ್ರಕ್ಕೆ ಆಮೇಲೂ ಹೋಗಬಹುದು. ಅರ್ಥಶಾಸ್ತ್ರದಿಂದ ಗಣಿತಕ್ಕೆ ಬರುವುದು ಬಹಳ ಕಷ್ಟ. ಸಂಜೆ ವಿವರವಾಗಿ ಬರೆಯುತ್ತೇನೆ.

ಅರ್ಥಶಾಸ್ತ್ರದ_ಮೇಡಂ

ನಾನು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಹಾಗಾಗಿ ನನ್ನ ಮಾತು ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಒಂದು ವಿಷಯ. ನಮ್ಮ ರಾಜ್ಯದಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ನಾಲ್ಕು ವರ್ಷದ ಪದವಿ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿ, ಮೂರು ವಿಷಯದ ಪದ್ಧತಿಗೆ ಬಂದಿದ್ದೇವೆ. ಅಂದರೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡಲೇಬೇಕು ಅಂತ ಇಲ್ಲ. ಅರ್ಥಶಾಸ್ತ್ರ, ಗಣಿತ, ಸ್ಟ್ಯಾಟಿಸ್ಟಿಕ್ಸ್ ಮೂರೂ ಇರುವ ಬಿ.ಎಸ್ಸಿ. ಬೆಂಗಳೂರಿನ ಕೆಲವು ಕಾಲೇಜುಗಳಲ್ಲಿದೆ. ಇ.ಎಂ.ಎಸ್. ಅಂತ ಕರೆಯುತ್ತಾರೆ. ಸಣ್ಣ ಊರುಗಳಲ್ಲಿ ಈ ಕಾಂಬಿನೇಷನ್ ಸಿಗುವುದು ಅಪರೂಪ. ನಿಜವಾದ ತೊಂದರೆ ಇರುವುದು ಅಲ್ಲಿ.

ಇಲ್ಲಿನ ಹೆಚ್ಚಿನ ಸರ್ಕಾರಿ ಕಾಲೇಜುಗಳಲ್ಲಿ ಅರ್ಥಶಾಸ್ತ್ರ ಅಂದರೆ ಬಿ.ಎ. ಜೊತೆಗೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಅವೆಲ್ಲ ಓದಲೇಬೇಕಾದ ವಿಷಯಗಳು, ನನಗೆ ಅದರ ಬಗ್ಗೆ ಗೌರವ ಇದೆ. ಆದರೆ ಮುಂದೆ ಒಳ್ಳೆಯ ಕಡೆ ಎಂ.ಎ. ಮಾಡಬೇಕು ಅಂದಾಗ ಬಾಗಿಲಲ್ಲೇ ಗಣಿತ ಕೂತಿರುತ್ತದೆ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಎಂ.ಎಸ್.ಕ್ಯೂ.ಇ. ಕೋರ್ಸಿನ ಪ್ರವೇಶ ಪರೀಕ್ಷೆ ನೋಡಿ. ಅದು ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ. ಆದರೂ ಪಿಇಎ ಎಂಬ ಒಂದು ಪೇಪರ್ ಪೂರ್ತಿ ಗಣಿತ. ಐಐಟಿಗಳಲ್ಲಿ ಸ್ನಾತಕೋತ್ತರ ಓದಿಗೆ ಬರೆಯುವ ಜಾಮ್ ಪರೀಕ್ಷೆಗೆ 2021ರಲ್ಲಿ ಅರ್ಥಶಾಸ್ತ್ರದ ಪೇಪರ್ ಸೇರಿತು, ಅದರ ಸಿಲಬಸ್‌ನಲ್ಲೂ ಗಣಿತ ಮತ್ತು ಸ್ಟ್ಯಾಟಿಸ್ಟಿಕ್ಸ್ ಇದೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಬಿ.ಎ. ಆನರ್ಸ್ ಅರ್ಥಶಾಸ್ತ್ರಕ್ಕೆ 12ನೇ ತರಗತಿಯಲ್ಲೇ ಗಣಿತ ಇರಬೇಕು.

ನನ್ನ ತರಗತಿಯಲ್ಲಿ ತುಂಬಾ ಚುರುಕಾದ ಹುಡುಗಿಯರು ಈ ಬಾಗಿಲ ಮುಂದೆ ನಿಂತುಬಿಡುವುದನ್ನು ನೋಡಿದ್ದೇನೆ. ಅವರಿಗೆ ಬುದ್ಧಿ ಕಡಿಮೆ ಇರಲಿಲ್ಲ. ಮೂರು ವರ್ಷ ಯಾರೂ ಅವರಿಗೆ ಒಂದು ಡೆರಿವೇಟಿವ್ ಕೂಡ ತೋರಿಸಿರಲಿಲ್ಲ. ಇದು ನನಗೆ ಇಂದಿಗೂ ಸಿಟ್ಟು ಬರಿಸುವ ವಿಷಯ.

ಹಾಗಾಗಿ ಅಪ್ಪನಿಗೆ ಹೀಗೆ ಹೇಳಿ: ಅರ್ಥಶಾಸ್ತ್ರ ಓದಿದರೆ ಕೆಲಸ ಇದೆ. ಆ ಅರ್ಥಶಾಸ್ತ್ರದ ಒಳಗೆ ಗಣಿತ ಎಷ್ಟಿದೆ ಅನ್ನುವುದರ ಮೇಲೆ ಯಾವ ಕೆಲಸ ಅನ್ನುವುದು ನಿಂತಿದೆ.

ಕೊಪ್ಪಳದ_ಮೇಷ್ಟ್ರು

ತಂದೆಯವರ ಮಾತನ್ನು ಹಗುರವಾಗಿ ನೋಡಬೇಡಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಕರೆದರು, ಅಷ್ಟೂ ತುಂಬಲಿಲ್ಲ. ನಮ್ಮ ಕಲ್ಯಾಣ ಕರ್ನಾಟಕದ ಹಳ್ಳಿ ಶಾಲೆಗಳಲ್ಲಿ ಗಣಿತದ ಮೇಷ್ಟ್ರು ಅಂದರೆ ಈಗಲೂ ದೊಡ್ಡ ಬೇಡಿಕೆ. ಬಿ.ಎಸ್ಸಿ., ಬಿ.ಎಡ್., ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ, ಆಮೇಲೆ ನೇಮಕಾತಿಯ ಸಿಇಟಿ. ದಾರಿ ಉದ್ದ, ಆದರೆ ದಾರಿ ಇದೆ.

ಒಂದು ಎಚ್ಚರಿಕೆ. ಶಾಲೆಯ ಕೆಲಸದ ಕಡೆ ಸ್ವಲ್ಪವಾದರೂ ಮನಸ್ಸಿದ್ದರೆ, ಹಿಂದಿನ ಅಧಿಸೂಚನೆ ತೆಗೆದು ಯಾವ ಕಾಂಬಿನೇಷನ್ ಕೇಳಿದ್ದಾರೆ ಅಂತ ಓದಿ. ಭೌತಶಾಸ್ತ್ರ-ರಸಾಯನಶಾಸ್ತ್ರ-ಗಣಿತದವರಿಗೆ ಯಾವ ತಕರಾರೂ ಇರುವುದಿಲ್ಲ. ಗಣಿತದ ಜೊತೆ ಅರ್ಥಶಾಸ್ತ್ರ ಓದಿದವರು ಮೊದಲೇ ನೋಡಿಕೊಳ್ಳಬೇಕು. ಡಿಗ್ರಿ ಮುಗಿದ ಮೇಲೆ ಗೊತ್ತಾದರೆ ಏನೂ ಮಾಡಲು ಆಗುವುದಿಲ್ಲ.

ರಿಸ್ಕ್‌ಟೀಮ್_ಬೆಂಗಳೂರು

ಬೆಳಗ್ಗೆ ಹೇಳಿದ್ದನ್ನು ಬಿಡಿಸಿ ಹೇಳುತ್ತೇನೆ. ನಾನು ಗಣಿತದ ಎಂ.ಎಸ್ಸಿ. ಬೆಂಗಳೂರಿನಲ್ಲಿ ಒಂದು ವಿದೇಶಿ ಬ್ಯಾಂಕಿನ ಕ್ರೆಡಿಟ್ ರಿಸ್ಕ್ ತಂಡದಲ್ಲಿದ್ದೇನೆ. ಸಾಲ ತಗೊಂಡವರು ಕಟ್ಟದೆ ಹೋಗುವ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕುವುದು ನಮ್ಮ ಕೆಲಸ. ಮೂರು ಸಂಖ್ಯೆ ಗುಣಿಸುತ್ತೇವೆ. ಕಟ್ಟದಿರುವ ಸಂಭವ, ಕಟ್ಟದಿದ್ದಾಗ ಕೈತಪ್ಪುವ ಪಾಲು, ಆ ಹೊತ್ತಿಗೆ ಬಾಕಿ ಇರುವ ಮೊತ್ತ. ಒಂದು ಲಕ್ಷ ಬಾಕಿ, ಸಂಭವ 2 ಶೇಕಡಾ, ಕೈತಪ್ಪುವ ಪಾಲು 60 ಶೇಕಡಾ ಅಂದರೆ ಬ್ಯಾಂಕು 1,200 ರೂಪಾಯಿ ನಷ್ಟ ಆಗಬಹುದು ಅಂತ ಎತ್ತಿಡಬೇಕು. ಗುಣಾಕಾರ ಸುಲಭ. ಆ 2 ಶೇಕಡಾ ಎಲ್ಲಿಂದ ಬಂತು ಅನ್ನುವುದೇ ವರ್ಷವಿಡೀ ನಮ್ಮ ಕೆಲಸ.

ಇಲ್ಲಿ ನಮ್ಮ ಪಕ್ಕದಲ್ಲಿ ಕೂರುವವರಲ್ಲಿ ಅರ್ಥಶಾಸ್ತ್ರದವರೂ ಇದ್ದಾರೆ, ಸ್ಟ್ಯಾಟಿಸ್ಟಿಕ್ಸ್‌ನವರೂ ಇದ್ದಾರೆ. ಇಂಟರ್‌ವ್ಯೂನಲ್ಲಿ ಕೇಳುವುದು ಪ್ರಾಬಬಿಲಿಟಿ, ರಿಗ್ರೆಷನ್ ಎಂಬ ಸ್ಟ್ಯಾಟಿಸ್ಟಿಕ್ಸ್ ವಿಧಾನ, ಎಸ್‌ಕ್ಯೂಎಲ್ ಮತ್ತು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಗಳು. ಗ್ರೂಪ್ ಥಿಯರಿ, ಟೋಪಾಲಜಿಯಂಥ ಶುದ್ಧ ಗಣಿತ ಯಾರೂ ಕೇಳುವುದಿಲ್ಲ. ಶುದ್ಧ ಗಣಿತ ನನಗೆ ಕೊಟ್ಟಿದ್ದು ಬೇರೆ. ಒಂದು ವಾದದಲ್ಲಿ ಎಲ್ಲಿ ಬಿರುಕಿದೆ ಅಂತ ಬೇಗ ಕಾಣುತ್ತದೆ. ಕಷ್ಟದ ಪುಸ್ತಕ ನೋಡಿದರೆ ಭಯ ಆಗುವುದಿಲ್ಲ. ಆದರೆ ಬರೀ ಬಿ.ಎಸ್ಸಿ. ಗಣಿತದ ಮಾರ್ಕ್ಸ್ ಕಾರ್ಡ್ ಹಿಡಿದು ಬಂದರೆ ಈ ಕೆಲಸ ಸಿಗುವುದಿಲ್ಲ. ಸ್ಟ್ಯಾಟಿಸ್ಟಿಕ್ಸ್ ಮತ್ತು ಪ್ರೋಗ್ರಾಮಿಂಗ್ ಜೊತೆಗೆ ಬೇಕೇ ಬೇಕು. ತಂಗಿ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿದ್ದಾಳೆ ಅಲ್ವಾ, ಅದನ್ನು ಕೈಬಿಡದಿರಲಿ.

ಊರಿನ ಕಾಲೇಜಿನಲ್ಲೇ ಓದುವುದಾದರೆ ಜೊತೆಗೆ ಐಐಟಿ ಮದ್ರಾಸಿನ ಆನ್‌ಲೈನ್ ಡೇಟಾ ಸೈನ್ಸ್ ಪದವಿ ನೋಡಿ. 2020ರಲ್ಲಿ ಶುರುವಾಗಿದ್ದು. ಒಂದೇ ಸಲಕ್ಕೆ ಎರಡು ಪದವಿ ಮಾಡಲು ಯುಜಿಸಿ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಕಡಿಮೆ ಆದಾಯದ ಮನೆಯವರಿಗೆ ಶುಲ್ಕದಲ್ಲಿ ರಿಯಾಯಿತಿ ಇದೆ. ಆದರೆ ಎರಡನ್ನೂ ನಿಭಾಯಿಸುವುದು ಸುಲಭವಿಲ್ಲ, ಸುಮ್ನೆ ಸೇರಿಸಬೇಡಿ.

ಹಳ್ಳಿ_ಸಮೀಕ್ಷೆ

ಇಲ್ಲಿ ಎಲ್ಲರೂ ಅರ್ಥಶಾಸ್ತ್ರವನ್ನು ಗಣಿತದ ತಮ್ಮನ ಹಾಗೆ ನೋಡುತ್ತಿದ್ದೀರಿ. ನನಗೆ ಒಪ್ಪಿಗೆ ಇಲ್ಲ.

ನಾನು ಎಂ.ಎ. ಅರ್ಥಶಾಸ್ತ್ರ. ಕೂಲಿ, ಸಾಲ, ನೀರಾವರಿ ಬಗ್ಗೆ ಮನೆಮನೆ ಸಮೀಕ್ಷೆ ಮಾಡುವ ತಂಡಗಳಲ್ಲಿ ಕೆಲಸ ಮಾಡುತ್ತೇನೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಅಂತ ಗುರುತಿಸಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಇಷ್ಟು ವರ್ಷ ರಾಜ್ಯದ ಹಣ ಎಲ್ಲಿಗೆ ಹೋಗಬೇಕು ಅನ್ನುವ ಚರ್ಚೆ ಆ ಪಟ್ಟಿಯ ಸುತ್ತಲೇ ನಡೆದಿದೆ. ಆ ಪಟ್ಟಿ ಮಾಡಲು ಕಷ್ಟದ ಕ್ಯಾಲ್ಕುಲಸ್ ಬೇಕಿರಲಿಲ್ಲ. ಯಾವ ಸೂಚಕ ಇಟ್ಟುಕೊಂಡರೆ ಯಾವ ಊರು ಕಣ್ಣಿಗೆ ಬೀಳುತ್ತದೆ, ಯಾವುದು ಮರೆಯಾಗುತ್ತದೆ ಅನ್ನುವ ತಿಳಿವಳಿಕೆ ಬೇಕಿತ್ತು. ಅದನ್ನು ಗಣಿತದ ತರಗತಿ ಕಲಿಸುವುದಿಲ್ಲ.

ಕೊಬ್ಬರಿ ದರ ಬರೆದಿಡುವ ಹುಡುಗಿಗೆ ಮೂರು ವರ್ಷ ಪ್ರಮೇಯ ಓದಿಸಿ, ಆಮೇಲೆ ಅರ್ಥಶಾಸ್ತ್ರಕ್ಕೆ ಬಾ ಅಂದರೆ ಆ ಆಸಕ್ತಿಯೇ ಆರಿಹೋಗಬಹುದು.

ಅರ್ಥಶಾಸ್ತ್ರದ_ಮೇಡಂ

ಸರ್, ಅರ್ಧ ಒಪ್ಪುತ್ತೇನೆ. ಸೂಚಕಗಳ ಮಾತು ಸರಿ. ಆದರೆ ನಿಮ್ಮ ಸಮೀಕ್ಷೆಯ ತಂಡದಲ್ಲಿ ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬುವವರು ಯಾರು, ಮಾದರಿ ಆಯ್ದು ವರದಿ ಬರೆಯುವವರು ಯಾರು? ಸಂಬಳ ಯಾರಿಗೆ ಎಷ್ಟು? ನಮ್ಮ ಕಡೆಯ ಬಿ.ಎ. ಮಕ್ಕಳಿಗೆ ಮೊದಲನೆಯ ಕೆಲಸ ಸಿಗುತ್ತದೆ, ಎರಡನೆಯದು ದೊಡ್ಡ ಊರಿನ ಮಕ್ಕಳಿಗೆ ಹೋಗುತ್ತದೆ. ಮಧ್ಯೆ ಇರುವ ಗೋಡೆ ಸ್ಟ್ಯಾಟಿಸ್ಟಿಕ್ಸ್.

ಹಳ್ಳಿ_ಸಮೀಕ್ಷೆ

ಮೇಡಂ, ಸಂಬಳದ ವಿಷಯ ನಿಜ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯುತ್ತದೆ, ಅದೂ ನಿಜ. ಆದರೂ ನನ್ನ ಮಾತು ನಿಲ್ಲುತ್ತದೆ. ಅವಳಿಗೆ ಏನು ಇಷ್ಟ ಅಂತ ಯಾರೂ ಕೇಳಲಿಲ್ಲ.

ಯುಪಿಎಸ್‌ಸಿ_ಪಯಣ

ಸರ್ಕಾರಿ ಕೆಲಸದ ಅರ್ಹತೆ ಬಗ್ಗೆ ನಾಲ್ಕು ಮಾತು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಯುಪಿಎಸ್‌ಸಿ ನಡೆಸುವ ಇಂಡಿಯನ್ ಇಕನಾಮಿಕ್ ಸರ್ವಿಸ್‌ಗೆ ಅರ್ಥಶಾಸ್ತ್ರದಲ್ಲೋ ಅದಕ್ಕೆ ಸೇರಿದ ವಿಷಯದಲ್ಲೋ ಸ್ನಾತಕೋತ್ತರ ಪದವಿ ಬೇಕು. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್‌ಗೆ ಡಿಗ್ರಿ ಸಾಕು, ಆದರೆ ಆ ಡಿಗ್ರಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಒಂದು ವಿಷಯವಾಗಿ ಇರಬೇಕು. ಬರೀ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದವರು ಎಷ್ಟೇ ಜಾಣರಾದರೂ ಅರ್ಜಿ ಹಾಕುವ ಹಾಗಿಲ್ಲ. ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಅಧಿಕಾರಿ ಹುದ್ದೆಗಳಲ್ಲೂ ಹಾಗೇ. ಆರ್ಥಿಕ ಸಂಶೋಧನೆಯ ಡಿಇಪಿಆರ್ ವಿಭಾಗ ಅರ್ಥಶಾಸ್ತ್ರದ ಸ್ನಾತಕೋತ್ತರದವರಿಗೆ, ಅಂಕಿಅಂಶಗಳ ಡಿಎಸ್‌ಐಎಂ ವಿಭಾಗ ಸ್ಟ್ಯಾಟಿಸ್ಟಿಕ್ಸ್ ಕಡೆಯವರಿಗೆ. ಸಾಮಾನ್ಯ ಗ್ರೇಡ್ ಬಿ ಹುದ್ದೆಗೆ ಯಾವ ಡಿಗ್ರಿಯಾದರೂ ಆಗುತ್ತದೆ.

ಒಂದು ಒಳ್ಳೆಯ ಸುದ್ದಿ. ಕೇಂದ್ರ ಸರ್ಕಾರದ ಹುದ್ದೆಗಳಿಗೆ ನಡೆಯುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯಲ್ಲಿ ಜೂನಿಯರ್ ಸ್ಟ್ಯಾಟಿಸ್ಟಿಕಲ್ ಆಫೀಸರ್ ಹುದ್ದೆ ಇದೆ. 12ರಲ್ಲಿ ಗಣಿತಕ್ಕೆ 60 ಶೇಕಡಾ ಇದ್ದು ಯಾವುದೇ ಡಿಗ್ರಿ ಮುಗಿಸಿದ್ದರೂ ಅದಕ್ಕೆ ಅರ್ಹತೆ ಬರುತ್ತದೆ. ನಿಮ್ಮ ತಂಗಿ ಆ ಅರ್ಧವನ್ನು ಆಗಲೇ ಗಳಿಸಿದ್ದಾಳೆ.

ನನ್ನನ್ನು ಕೇಳಿದರೆ ಗಣಿತ, ಅರ್ಥಶಾಸ್ತ್ರ ಎರಡಕ್ಕಿಂತ ಮೊದಲು ಸ್ಟ್ಯಾಟಿಸ್ಟಿಕ್ಸ್ ಎಲ್ಲಿ ಸಿಗುತ್ತದೆ ಅಂತ ಹುಡುಕಿ. ಹೂವಿನಹಡಗಲಿಯಲ್ಲಿ ಹುಟ್ಟಿದ ಹೆಸರಾಂತ ಸ್ಟ್ಯಾಟಿಸ್ಟಿಕ್ಸ್ ವಿದ್ವಾಂಸ ಸಿ.ಆರ್. ರಾವ್ ಅವರೂ ಗಣಿತದ ಎಂ.ಎ. ಮಾಡಿ ಆಮೇಲೆ ಸ್ಟ್ಯಾಟಿಸ್ಟಿಕ್ಸ್‌ಗೆ ಹೋದವರು. ಅಂಥ ನಾಡು ನಮ್ಮದು, ಆದರೂ ಎಷ್ಟೋ ಕಾಲೇಜುಗಳಲ್ಲಿ ಆ ವಿಭಾಗವೇ ಇಲ್ಲ.

ಓಹಿಯೋ_ಕನ್ನಡಿಗ

ಮುಂದೆ ವಿದೇಶದ ಯೋಚನೆ ಇದ್ದರೆ ಮಾತ್ರ ಇದನ್ನು ಓದಿ. ಅಮೆರಿಕದಲ್ಲಿ ಅರ್ಥಶಾಸ್ತ್ರದ ಪಿಎಚ್.ಡಿ.ಗೆ ಆಯ್ಕೆ ಮಾಡುವವರು ಮೊದಲು ನೋಡುವುದು ಗಣಿತದ ಅಂಕಗಳನ್ನು. ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜಿಬ್ರಾ ಓದಿದ್ದೀರಾ ಅಂತ ಕೇಳುತ್ತಾರೆ. ಗಣಿತದಿಂದ ನೇರವಾಗಿ ಬಂದವರೂ ಇಲ್ಲಿ ಇದ್ದಾರೆ.

ವೀಸಾ ವಿಷಯವೂ ಇದೆ. ಇಲ್ಲಿ ಪ್ರತಿ ಕೋರ್ಸಿಗೆ ಒಂದು ಕೋಡ್. ಸಾಮಾನ್ಯ ಅರ್ಥಶಾಸ್ತ್ರದ ಕೋಡ್ 45.0601, ಅದು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿಲ್ಲ. ಅಂಕಿಅಂಶ, ಗಣಿತ ಬಳಸುವ ಅರ್ಥಶಾಸ್ತ್ರ, ಅಂದರೆ ಇಕನಾಮೆಟ್ರಿಕ್ಸ್ ಮತ್ತು ಕ್ವಾಂಟಿಟೇಟಿವ್ ಇಕನಾಮಿಕ್ಸ್‌ನದು 45.0603, ಅದು ಪಟ್ಟಿಯಲ್ಲಿದೆ. ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ 12 ತಿಂಗಳಿಗೆ ಇನ್ನೂ 24 ತಿಂಗಳು ಸೇರುವುದು ಇಂಥ ಕೋರ್ಸಿನವರಿಗೆ. ಪಾಠ ಹೆಚ್ಚುಕಡಿಮೆ ಒಂದೇ ಇದ್ದರೂ ಕೋಡ್ ಬೇರೆ ಇರಬಹುದು. ಸಾಲ ಮಾಡಿ ಬರುವವರು ಇದನ್ನು ಕೇಳದೆ ಫೀಸು ಕಟ್ಟಬಾರದು.

ಕಲ್ಪತರು_ಅಕ್ಕ

ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಓದಿ ಹೇಳಿದೆ. ಮೇಷ್ಟ್ರ ಮಾತು ಅವರಿಗೆ ತುಂಬಾ ಹಿಡಿಸಿತು. ಅವಳಿಗೆ ಏನು ಇಷ್ಟ ಅಂತ ಕೇಳಿದ್ದೀರಿ. ಅವಳಿಗೆ ಎರಡೂ ಇಷ್ಟ, ಅದೇ ತೊಂದರೆ. ಯಾವುದು ಹೆಚ್ಚು ಇಷ್ಟ ಅಂತ ತಿಳಿಯಲು ಏನಾದರೂ ದಾರಿ ಇದೆಯಾ?

ಅರ್ಥಶಾಸ್ತ್ರದ_ಮೇಡಂ

ಇದೆ. ಎರಡು ಪ್ರಶ್ನೆ ಕೊಡುತ್ತೇನೆ. ಯಾರನ್ನೂ ಕೇಳದೆ, ಮೊಬೈಲ್ ನೋಡದೆ ಯೋಚನೆ ಮಾಡಲಿ. ಉತ್ತರ ಸರಿಯಾ ತಪ್ಪಾ ಮುಖ್ಯವಲ್ಲ. ಯಾವುದನ್ನು ಬಿಟ್ಟೇಳಲು ಮನಸ್ಸು ಬರಲಿಲ್ಲ ಅಂತ ಹೇಳಲಿ.

ಒಂದು: 1, 3, 5, 7 ಹೀಗೆ ಬೆಸ ಸಂಖ್ಯೆಗಳನ್ನು ಮೊದಲಿಂದ ಕೂಡಿಸುತ್ತಾ ಹೋದರೆ ಯಾವಾಗಲೂ ವರ್ಗಸಂಖ್ಯೆಯೇ ಬರುತ್ತದೆ. ಯಾಕೆ? ಪಿಯುಸಿಯಲ್ಲಿ ಕಲಿತ ಇಂಡಕ್ಷನ್ ಎಂಬ ಸಾಧನೆಯ ವಿಧಾನ ಬಳಸದೆ ಹೇಳಬೇಕು.

ಎರಡು: 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ 12,000. ರಾಜ್ಯ ಸರ್ಕಾರ ಅದರ ಮೇಲೆ ಕ್ವಿಂಟಲ್‌ಗೆ 1,500 ಸೇರಿಸಿತು. ಆ 1,500 ಕೊನೆಗೆ ಯಾರ ಕೈ ಸೇರುತ್ತದೆ?

ಕಲ್ಪತರು_ಅಕ್ಕ

ತಂಗಿಯೇ ಬರೆದಿದ್ದಾಳೆ, ಹಾಗೇ ಹಾಕುತ್ತಿದ್ದೇನೆ.

"ಮೇಡಂ, ಮೊದಲನೆಯದಕ್ಕೆ ಚಿತ್ರ ಬರೆದೆ. ಒಂದು ಚೌಕ ಇಟ್ಟು ಅದರ ಎರಡು ಬದಿಗೆ ಮತ್ತು ಮೂಲೆಗೆ ಸೇರಿ ಮೂರು ಚೌಕ ಇಟ್ಟರೆ ಎರಡರ ಚೌಕ ಆಗುತ್ತದೆ. ಅದರ ಸುತ್ತ ಐದು ಇಟ್ಟರೆ ಮೂರರದು. ಪ್ರತಿ ಸಲ ಒಂದೊಂದು ಬದಿಗೆ ಒಂದೊಂದು ಜಾಸ್ತಿ ಬೇಕು, ಅದಕ್ಕೇ ಎರಡೆರಡು ಹೆಚ್ಚುತ್ತದೆ. ಇದು ಬೇಗ ಬಂತು, ಖುಷಿ ಆಯಿತು.

ಎರಡನೆಯದನ್ನು ಇನ್ನೂ ಬಿಟ್ಟಿಲ್ಲ. ತೆಂಗಿನಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಇದ್ದರೆ ಉಂಡೆ ಕೊಬ್ಬರಿ ಆಗುತ್ತದೆ. ಮಗಳ ಫೀಸು ಕಟ್ಟಬೇಕು, ಆಸ್ಪತ್ರೆಗೆ ಹೋಗಬೇಕು ಅನ್ನುವವರು ಕಾಯಿಯನ್ನೇ ಮಾರಿಬಿಡುತ್ತಾರೆ. ಅವರ ಅಟ್ಟದಲ್ಲಿ ಕೊಬ್ಬರಿ ಇರುವುದಿಲ್ಲ. ಆದ್ದರಿಂದ 1,500 ಸಿಗುವುದು ವರ್ಷ ಕಾಯಲು ಆದವರಿಗೆ. ಸರ್ಕಾರ ಒಬ್ಬರಿಂದ ಇಷ್ಟೇ ತಗೊಳ್ಳುವುದು ಅಂತ ಮಿತಿ ಇಡುತ್ತದೆ. ಆದರೆ ಬೇರೆಯವರ ಪಹಣಿಯಲ್ಲಿ ತಂದು ಹಾಕಿದರೆ? ಇನ್ನೊಂದು ಡೌಟು. ಸರ್ಕಾರ ಜಾಸ್ತಿ ಕೊಡುತ್ತೆ ಅಂತ ಮೊದಲೇ ಗೊತ್ತಾದರೆ ವ್ಯಾಪಾರಿ ಹೊರಗಿನ ದರವನ್ನೂ ಏರಿಸುತ್ತಾನಾ? ಹಾಗಾದರೆ ಸರ್ಕಾರಕ್ಕೆ ಮಾರದವರಿಗೂ ಲಾಭ ಆಗುತ್ತದೆ. ಇದನ್ನು ತಿಳಿಯುವುದು ಹೇಗೆ ಅಂತ ಗೊತ್ತಾಗುತ್ತಿಲ್ಲ."

ಹಳ್ಳಿ_ಸಮೀಕ್ಷೆ

ಈ ಮಗುವನ್ನು ಅರ್ಥಶಾಸ್ತ್ರಕ್ಕೆ ಕಳಿಸಿ. ನಾನು ಬೇರೆ ಏನೂ ಹೇಳುವುದಿಲ್ಲ.

ಅರ್ಥಶಾಸ್ತ್ರದ_ಮೇಡಂ

ಪುಟ್ಟಿ, ನಿನ್ನ ಕೊನೆಯ ಸಾಲು ಓದಿ ನಾನು ಎದ್ದು ಕೂತೆ. "ತಿಳಿಯುವುದು ಹೇಗೆ" ಅನ್ನುವುದಕ್ಕೆ ಒಂದು ದಾರಿ ಇದೆ. ಅಮೆರಿಕದಲ್ಲಿ ನ್ಯೂಜೆರ್ಸಿ ರಾಜ್ಯ 1992ರಲ್ಲಿ ಕನಿಷ್ಠ ಕೂಲಿ ಏರಿಸಿತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಎರಡೂ ಕಡೆಯ ಹೋಟೆಲುಗಳಲ್ಲಿ ಏರಿಕೆಗೆ ಮುಂಚೆ ಎಷ್ಟು ಜನ ಕೆಲಸಕ್ಕಿದ್ದರು, ಆಮೇಲೆ ಎಷ್ಟು ಜನ ಅಂತ ಹೋಲಿಸಿ ನೋಡಿದರು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ನಿನ್ನ ಪ್ರಶ್ನೆಗೂ ಹಾಗೇ ಹೋಲಿಸಲು ಇನ್ನೊಂದು ಜಾಗ ಬೇಕು. ಆದರೆ ತಮಿಳುನಾಡು, ಕೇರಳದಲ್ಲಿ ಎಣ್ಣೆಗೆ ಹೋಗುವ ಮಿಲ್ ಕೊಬ್ಬರಿ ಜಾಸ್ತಿ. ಉಂಡೆ ಕೊಬ್ಬರಿ ಹೆಚ್ಚಾಗಿ ನಮ್ಮದೇ. ಹೋಲಿಕೆ ಸುಲಭಕ್ಕೆ ಸಿಗುವುದಿಲ್ಲ. ಅಂಥ ಕಡೆ ಏನು ಮಾಡಬೇಕು ಅನ್ನುವುದೇ ಇಕನಾಮೆಟ್ರಿಕ್ಸ್. ಅದಕ್ಕೆ ಪ್ರಾಬಬಿಲಿಟಿ ಬೇಕು, ಮ್ಯಾಟ್ರಿಕ್ಸ್ ಬೇಕು, ಕ್ಯಾಲ್ಕುಲಸ್ ಬೇಕು.

ಅಕ್ಕ, ನನ್ನ ಅಭಿಪ್ರಾಯ ಈಗ ಗಟ್ಟಿಯಾಗಿದೆ. ಇವಳ ಮನಸ್ಸು ಅರ್ಥಶಾಸ್ತ್ರದಲ್ಲಿದೆ, ಕೈಯಲ್ಲಿ ಗಣಿತ ಇದೆ. ಬೆಂಗಳೂರಿನಲ್ಲಿ ಮೂರೂ ಇರುವ ಬಿ.ಎಸ್ಸಿ. ಸಿಕ್ಕರೆ ಮೊದಲು ಅದು. ಅಂಬೇಡ್ಕರ್ ಸ್ಕೂಲ್ ಆಫ್ ಇಕನಾಮಿಕ್ಸ್‌ನ ಬಿ.ಎಸ್ಸಿ. ಅರ್ಥಶಾಸ್ತ್ರದ ಸಿಲಬಸ್ಸನ್ನೂ ತೆಗೆದು ಓದಿ. ಎರಡೂ ಆಗದಿದ್ದರೆ ಊರಲ್ಲೇ ಗಣಿತದ ಬಿ.ಎಸ್ಸಿ. ಮಾಡಲಿ, ಎಂ.ಎ.ಗೆ ಅರ್ಥಶಾಸ್ತ್ರಕ್ಕೆ ಬರಲಿ. ಗಣಿತ ಇಲ್ಲದ ಬಿ.ಎ.ಗೆ ಮಾತ್ರ ಸೇರಿಸಬೇಡಿ. ನಾನೇ ಅದನ್ನು ಕಲಿಸುವವಳು, ಆದರೂ ಇವಳಿಗೆ ಅದು ಬೇಡ.

ಕೊಪ್ಪಳದ_ಮೇಷ್ಟ್ರು

ನನಗೂ ಸರಿ ಅನ್ನಿಸಿತು. ತಂದೆಯವರಿಗೆ ಒಂದು ಮಾತು ತಿಳಿಸಿ. ಎಂ.ಎ. ಜೊತೆ ಬಿ.ಎಡ್. ಇದ್ದರೆ ಪಿಯು ಉಪನ್ಯಾಸಕಿ ಆಗಬಹುದು, ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆಸೆಟ್ ಅಥವಾ ನೆಟ್ ಪಾಸಾದರೆ ಡಿಗ್ರಿ ಕಾಲೇಜಿಗೂ ಅರ್ಜಿ ಹಾಕಬಹುದು. ಕಲಿಸುವ ಕೆಲಸ ಅರ್ಥಶಾಸ್ತ್ರದಲ್ಲೂ ಇದೆ. ಕಾಯಂ ನೇಮಕಾತಿ ಮಾತ್ರ ತಡವಾಗುತ್ತದೆ. ಅತಿಥಿ ಉಪನ್ಯಾಸಕರು ವರ್ಷಗಟ್ಟಲೆ ಕಾಯುತ್ತಿದ್ದಾರೆ, ಅದನ್ನೂ ಮುಚ್ಚಿಡದೆ ಹೇಳಿ.

ಕಲ್ಪತರು_ಅಕ್ಕ

ಅಪ್ಪ ಒಪ್ಪಿದ್ದಾರೆ, ಅರ್ಧ ಮನಸ್ಸಿನಿಂದ. ಈಗ ಅವರ ಚಿಂತೆ ಹಾಸ್ಟೆಲ್ ಖರ್ಚು. ಸ್ಕಾಲರ್‌ಶಿಪ್ ಏನಾದರೂ ಇದೆಯಾ?

ಯುಪಿಎಸ್‌ಸಿ_ಪಯಣ

ಇದೆ ಅಕ್ಕ. ರೈತ ವಿದ್ಯಾನಿಧಿ ಅಂತ 2021ರಲ್ಲಿ ಶುರುವಾಯಿತು. ಬಿ.ಎಸ್ಸಿ. ಓದುವ ರೈತರ ಹೆಣ್ಣುಮಕ್ಕಳಿಗೆ ಆಗ ವರ್ಷಕ್ಕೆ 5,500 ರೂಪಾಯಿ ಇತ್ತು, ಈಗಲೂ ಕೊಡುತ್ತಿದ್ದಾರಾ ಅಂತ ಕೇಳಿ ನೋಡಿ. ಸರ್ಕಾರಿ ಶಾಲೆ, ಕಾಲೇಜಿನಲ್ಲಿ 10 ಮತ್ತು 12 ಓದಿ ಡಿಗ್ರಿ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ವರ್ಷಕ್ಕೆ 30,000 ಕೊಡುತ್ತದೆ. ಪಿಯುಸಿ ಸರ್ಕಾರಿ ಕಾಲೇಜು ಅಂದಿರಿ, ಹತ್ತನೆಯದೂ ಸರ್ಕಾರಿ ಶಾಲೆಯಲ್ಲೇ ಆಗಿದ್ದರೆ ಇದನ್ನು ಬಿಡಬೇಡಿ. ಇಲಾಖೆಗಳ ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿದೆಯಾ ಅಂತ ಈಗಲೇ ನೋಡಿ, ಬಹಳ ಜನರ ಹಣ ನಿಲ್ಲುವುದು ಅಲ್ಲೇ. ಜಾತಿ, ಆದಾಯ ಪ್ರಮಾಣಪತ್ರ ಹಳೆಯದಾಗಿದ್ದರೆ ನಾಡಕಚೇರಿಯಲ್ಲಿ ಈ ವಾರವೇ ಅರ್ಜಿ ಕೊಡಿ. ಹಿಂದುಳಿದ ವರ್ಗಗಳ (ಬಿಸಿಎಂ) ಹಾಸ್ಟೆಲ್‌ಗೂ ಅದೇ ಪತ್ರ ಕೇಳುತ್ತಾರೆ.